ಪೇಟೆಂಟ್ ಮುಗಿಯುವ ದಿನವನ್ನು ಅಕ್ಕ ಹುಡುಕಿದ್ದು

ಬೈಲಹೊಂಗಲದ ಬಜಾರದಲ್ಲಿ ನಾನು ಔಷಧದ ಅಂಗಡಿ ತೆರೆದಾಗ ನಮ್ಮ ಮನೆತನದಲ್ಲಿ ಕೌಂಟರಿನ ಹಿಂದೆ ಕೂತ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಹತ್ತಿ, ಶೇಂಗಾ ವ್ಯಾಪಾರ ಮಾಡಿಕೊಂಡು ಬಂದ ಮನೆ ನಮ್ಮದು. "ಬ್ಯಾನಿ ಬಂದವರ ಮುಂದ ಲಾಭ ನೋಡೂದು ಹೆಂಗ?" ಅಂತ ಅಪ್ಪನಿಗೆ ಒಂದು ಸಂಕೋಚ. ಆಗ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದ್ದಳು: "ಅಕಿ ಕಲ್ತಾಳ, ಅಕಿ ನಡಸ್ತಾಳ. ನೀ ಸುಮ್ನಿರು."

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಸಾಲಿ ಮಾಸ್ತರಕಿ, ಗಣಿತದವಳು. ಅವಳ ಗಂಡ, ನಮ್ಮ ಮಾಮಾ, ಬಸ್ ಕಂಡಕ್ಟರ್. ಅವಳು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿ ನಿಂತರೆ ಕೊನೆಯ ಸಾಲಿನಲ್ಲಿ ಕೂತವರೂ ಕತ್ತೆತ್ತಿ ನೋಡಬೇಕು, ಅಂಥ ದನಿ. ಆ ದನಿ ಒಂದು ಬೇಸಿಗೆಯಲ್ಲಿ ಸಣ್ಣದಾಯಿತು. ಏನು ಮಾಡಿದರೂ ಸುಸ್ತು, ಎಡಪಕ್ಕೆಯಲ್ಲಿ ಭಾರ. ನಾನೇ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದೆ. ಬಿಳಿ ರಕ್ತಕಣದ ಮುಂದೆ ಬರೆದಿದ್ದ ಅಂಕಿ ನೋಡಿ ಲ್ಯಾಬಿನವರು ತಪ್ಪಿರಬೇಕೆಂದು ಎರಡನೇ ಸಲ ಮಾಡಿದರು. ತಪ್ಪಿರಲಿಲ್ಲ.

ಬೆಳಗಾವಿಯ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. "ಇದು ರಕ್ತದ ಕ್ಯಾನ್ಸರ್. ಆದ್ರ ನಿಧಾನದ್ದು. ದಿನಾ ಗುಳಿಗಿ ತಪ್ಪದ ತಗೊಂಡ್ರ ಬಿ.ಪಿ. ಇದ್ದವರು ಇರೂಹಂಗ ಇರಬಹುದು. ಗಾಬರಿ ಆಗಬ್ಯಾಡ್ರಿ."

ಅವರು ಬರೆದ ಮೊದಲ ಗುಳಿಗೆ ನಮ್ಮ ಅಂಗಡಿಯಲ್ಲೇ ಸಿಗುವಂಥದ್ದು. ಹತ್ತಾರು ಕಂಪನಿಗಳು ಅದನ್ನು ಮಾಡುತ್ತವೆ, ಬೆಲೆ ಕೈಗೆಟಕುವಂತಿತ್ತು. ಅಕ್ಕ ಊಟದ ಜೊತೆ ಒಂದು ಗುಳಿಗೆ ನುಂಗುತ್ತಾ ಆರು ವರ್ಷ ಸಾಲಿಗೆ ಹೋದಳು, ಮಗಳ ಮದುವೆ ಮಾಡಿದಳು, ಮುಖ್ಯ ಶಿಕ್ಷಕಿಯೂ ಆದಳು. ಮೂರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ರಕ್ತ ಕೊಟ್ಟು ಬರುವುದೊಂದೇ ರೋಗದ ಗುರುತು.

ಏಳನೇ ವರ್ಷ ಒಂದು ವರದಿಯಲ್ಲಿ ಅಂಕಿ ಏರಿತು, ಮುಂದಿನದರಲ್ಲಿ ಇನ್ನೂ ಏರಿತು. "ಈ ಗುಳಿಗಿಗೆ ರೋಗ ಜಗ್ಗದಂಗ ಆಗೇತಿ," ಅಂದರು ಡಾಕ್ಟರಮ್ಮ. "ಬ್ಯಾರೆ ಔಷಧ ಅದ. ಚಲೋ ಔಷಧ. ಆದ್ರ ತುಟ್ಟಿ."

ಎಷ್ಟು ತುಟ್ಟಿ ಎಂಬುದನ್ನು ನಾನೇ ಅಂಗಡಿಗೆ ಮಾಲು ಕೊಡುವ ಸ್ಟಾಕಿಸ್ಟರಿಗೆ ಫೋನು ಮಾಡಿ ಕೇಳಿದೆ. ಒಂದು ತಿಂಗಳ ಔಷಧಕ್ಕೆ ಅಕ್ಕನ ಒಂದು ತಿಂಗಳ ಪಗಾರ ಸಾಲುತ್ತಿರಲಿಲ್ಲ. ಮಾಡುವ ಕಂಪನಿ ಒಂದೇ. ಆ ಕಂಪನಿಯದೇ ಒಂದು ಸಹಾಯ ಯೋಜನೆ ಇತ್ತು: ಮೊದಲು ಕೆಲವು ತಿಂಗಳದ್ದು ಕೊಂಡರೆ ವರ್ಷದ ಉಳಿದದ್ದನ್ನು ಪುಕ್ಕಟೆ ಕೊಡುತ್ತಿದ್ದರು. ಅದಕ್ಕೆ ಕಾಗದಪತ್ರ ಬಹಳ. ಅಕ್ಕ ಅಚ್ಚುಕಟ್ಟಿನ ಹೆಣ್ಣುಮಗಳು, ಎಲ್ಲ ಕಾಗದವನ್ನೂ ಜೋಡಿಸಿ ಕೊಟ್ಟಳು. ಮೊದಲ ತಿಂಗಳುಗಳ ದುಡ್ಡನ್ನು ಮನೆಯವರೆಲ್ಲ ಸೇರಿ ಹೊಂದಿಸಿದೆವು. ಔಷಧ ಶುರುವಾಯಿತು. ದಿನಕ್ಕೆ ಎರಡು ಹೊತ್ತು, ಖಾಲಿ ಹೊಟ್ಟೆಯಲ್ಲಿ. ತೆಗೆದುಕೊಳ್ಳುವ ಮೊದಲು ಎರಡು ತಾಸು ಏನೂ ತಿನ್ನುವ ಹಾಗಿಲ್ಲ, ಆಮೇಲೆ ಒಂದು ತಾಸು ತಿನ್ನುವ ಹಾಗಿಲ್ಲ. ಬೆಳಗಿನ ರೊಟ್ಟಿ ಹೊತ್ತು ಮುಂದಕ್ಕೆ ಹೋಯಿತು. ಸಂಜೆ ಚಹಾದ ಜೊತೆ ಚುರುಮುರಿ ನಿಂತಿತು.

ಆ ದಿನಗಳಲ್ಲೇ ಒಂದು ರವಿವಾರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಅಕ್ಕ ಕೇಳಿದಳು: "ಮೊದಲಿನ ಗುಳಿಗಿ ಅಷ್ಟ ಮಂದಿ ಮಾಡ್ತಾರ. ಇದನ್ನ ಒಬ್ಬರ ಯಾಕ ಮಾಡ್ತಾರ?"

"ಪೇಟೆಂಟ್ ಅದ ಅಕ್ಕಾ. ಕಂಡು ಹಿಡಿದವರಿಗೆ ಅಷ್ಟ ಹಕ್ಕ ಇರ್ತದ. ಉಳದವರು ಮಾಡೂಹಂಗಿಲ್ಲ, ಮಾರೂಹಂಗಿಲ್ಲ."

"ಎಷ್ಟು ವರ್ಷ?"

"ಇಪ್ಪತ್ತು."

"ಯಾವಾಗಿನಿಂದ ಇಪ್ಪತ್ತು?"

"ಅದು ಗೊತ್ತಿಲ್ಲ ಅಕ್ಕಾ," ಅಂದೆ. ಡಿ.ಫಾರ್ಮಾ ಪುಸ್ತಕದಲ್ಲಿ ಈ ವಿಷಯಕ್ಕೆ ಎಲ್ಲೋ ಒಂದು ಪುಟವಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ನಾವ್ಯಾರೂ ಓದಿರಲಿಲ್ಲ. ಇಷ್ಟು ವರ್ಷ ಔಷಧ ಮಾರಿದವಳಿಗೆ ಅದು ಯಾವಾಗ ಅಗ್ಗವಾಗುತ್ತದೆ ಎಂಬುದರ ಲೆಕ್ಕ ಗೊತ್ತಿರಲಿಲ್ಲ. ಅಕ್ಕ ಬೈಯಲಿಲ್ಲ. "ಇರಲಿ ಬಿಡು," ಅಂದಳು. ಆದರೆ ಅವಳು ಬಿಡುವವಳಲ್ಲ.

ಬೆಳಗಾವಿ ದವಾಖಾನೆಯಲ್ಲಿ ರಕ್ತ ಕೊಡುವ ದಿನ ಒಂದೇ ಬಾಕಿನ ಮೇಲೆ ಕೂರುವವರು ಒಬ್ಬರಿಗೊಬ್ಬರು ಪರಿಚಯವಾಗಿಬಿಡುತ್ತಾರೆ. ಅಕ್ಕನ ಜೊತೆ ಇಬ್ಬರು ಕೂರುತ್ತಿದ್ದರು. ಒಬ್ಬರು ಸವದತ್ತಿಯ ಅಜ್ಜ, ಹತ್ತಿ ದಲಾಲಿ ಮಾಡಿ ಈಗ ಮನೆಯಲ್ಲಿದ್ದವರು. ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ಬಾಯಲ್ಲಿ ಕಂಪನಿಯವರಿಗೆ ಬೈಗುಳ. ಇನ್ನೊಬ್ಬಳು ಕಿತ್ತೂರಿನ ಹೆಣ್ಣುಮಗಳು, ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುವವಳು. ಮೂವರದೂ ಒಂದೇ ರೋಗ, ಒಂದೇ ಔಷಧ.

ಒಂದು ಸಲ ಅಕ್ಕ ಮಾತಿನ ನಡುವೆ ಆ ಹೆಣ್ಣುಮಗಳನ್ನು ಕೇಳಿದಳು. "ಸಂಜೀಕ ಎಷ್ಟಕ್ಕ ತಗೋತೀಯವಾ?"

"ಮುಂಜಾನೆ ಅಷ್ಟ ತಗೋತೇನ್ರಿ ಅಕ್ಕಾರ."

"ಎರಡು ಹೊತ್ತಲ್ಲೇನು?"

ಅವಳು ಸೆರಗಿನ ತುದಿ ನೋಡಿಕೊಂಡು ಹೇಳಿದಳು. "ಒಂದ ತಿಂಗಳದ್ದು ಎರಡ ತಿಂಗಳ ಬರ್ತದ್ರಿ."

ಅಕ್ಕ ಅವಳ ಕೈ ಹಿಡಿದು ಎಬ್ಬಿಸಿ ಸೀದಾ ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಸಿಟ್ಟಾಗಲಿಲ್ಲ, ಆದರೆ ಅವರ ಮುಖ ಬಿಳಿಚಿತು. ಅರ್ಧ ಔಷಧ ತೆಗೆದುಕೊಂಡರೆ ರೋಗ ಅದಕ್ಕೂ ಜಗ್ಗದಂತಾಗುತ್ತದೆ, ಆಮೇಲೆ ಕೊಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂದರು. ಕಂಪನಿ ಯೋಜನೆಗೆ ಮೊದಲಿನ ತಿಂಗಳುಗಳದ್ದು ಕೊಳ್ಳಬೇಕಲ್ಲ, ಅದೇ ಅವಳಿಂದ ಆಗಿರಲಿಲ್ಲ. ದವಾಖಾನೆಯವರು ದಾನಿಗಳನ್ನು ಹಿಡಿದು ಒಂದಿಷ್ಟು ವ್ಯವಸ್ಥೆ ಮಾಡಿದರು. ಆದರೂ ಕೆಲವು ತಿಂಗಳು ತುಂಡು ಬೀಳುತ್ತಲೇ ಇತ್ತು.

ಅವತ್ತು ಸಂಜೆ ಅಕ್ಕ ಫೋನು ಮಾಡಿದಳು. "ನಿಮ್ಮ ಕಾಲೇಜಿನ ಮಾಸ್ತರು ಧಾರವಾಡದಾಗ ಇದ್ರಲ್ಲ, ಅವರ ನಂಬರ ಕೊಡು."

ನಮ್ಮ ಗುರುಗಳು ನಿವೃತ್ತರಾಗಿ ವರ್ಷಗಳಾಗಿದ್ದವು. ನಾನೇ ಮೊದಲು ಮಾತಾಡಿ ವಿಷಯ ಹೇಳಿದೆ. ಅವರು ಖುಷಿಯಾದರು. ಪೇಟೆಂಟ್ ಕಚೇರಿಯ ದಾಖಲೆ ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟಿದೆ, ಔಷಧದ ರಾಸಾಯನಿಕ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ ಅಂತ ದಾರಿ ತೋರಿಸಿದರು. ಅಕ್ಕ ಎರಡು ರವಿವಾರ ಕೂತು ಹುಡುಕಿದಳು. ಅವಳ ಇಂಗ್ಲಿಷು ಸಾಲಿ ಇಂಗ್ಲಿಷು. ಗೊತ್ತಾಗದ ಶಬ್ದಗಳನ್ನು ವಹಿಯಲ್ಲಿ ಬರೆದುಕೊಂಡು ನನ್ನನ್ನು ಕೇಳುತ್ತಿದ್ದಳು. ಅರ್ಧಕ್ಕರ್ಧ ನನಗೂ ಗೊತ್ತಿರಲಿಲ್ಲ.

ಮೂರನೇ ರವಿವಾರ ಫೋನಿನಲ್ಲಿ ಅವಳ ದನಿ ಬಿದ್ದುಹೋಗಿತ್ತು. "ಸಿಕ್ತು. ಆದ್ರ ಇನ್ನ ಆರು ವರ್ಷ ಅದ. ಕಿತ್ತೂರಾಕಿ ಆರು ವರ್ಷ ಹೆಂಗ ತಡಿತಾಳ?"

ಗುರುಗಳಿಗೆ ತೋರಿಸೋಣ ಎಂದು ಅವಳ ವಹಿಯ ಹಾಳೆಯ ಫೋಟೋ ಕಳಿಸಿದೆವು. ಹತ್ತು ನಿಮಿಷದಲ್ಲಿ ಅವರಿಂದಲೇ ಫೋನು ಬಂತು, ಅಕ್ಕನಿಗೂ ನನಗೂ ಸೇರಿಸಿ.

"ಅಕ್ಕಾರ, ನೀವು ಎಲ್ಲಿಂದ ಎಣಿಸೀರಿ?"

"ಪೇಟೆಂಟ್ ಕೊಟ್ಟ ತಾರೀಖಿನಿಂದ್ರಿ ಸರ್."

"ಅಲ್ಲೇ ತಪ್ಪಿದ್ದು. ಅರ್ಜಿ ಹಾಕಿದ ದಿನದಿಂದ ಎಣಿಸಬೇಕು. ಅರ್ಜಿ ಹಾಕಿದ ಮ್ಯಾಲೆ ಕಚೇರಿಯೊಳಗ ವರ್ಷಗಟ್ಟಲೆ ತನಿಖಾ ನಡೀತದ. ಆ ವರ್ಷಾನೂ ಇಪ್ಪತ್ತರಾಗ ಜಮಾ."

ಫೋನಿನ ಆ ಕಡೆ ಪೆನ್ಸಿಲು ಓಡುವ ಸದ್ದು. ಆಮೇಲೆ ಅಕ್ಕ ಜೋರಾಗಿ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. "ಸರ್, ಇದು ಬರೂ ವರ್ಷ ಮುಂಗಾರಿಗೆ ಮುಗೀತದ!"

ನಕ್ಕು ಮುಗಿದ ಮೇಲೆ ಅವಳು ಇನ್ನೊಂದು ಮಾತು ಕೇಳಿದಳು. "ಹಂಗಾರ ಆ ಕಂಪನಿಯವರಿಗೂ ಪೂರಾ ಇಪ್ಪತ್ತು ವರ್ಷ ಮಾರಾಕ ಸಿಗೂದಿಲ್ಲಲ್ರಿ?"

"ಖರೆ. ಅರ್ಜಿ ಹಾಕಿದಾಗ ಔಷಧ ಇನ್ನ ಪ್ರಯೋಗಶಾಲೆಯೊಳಗ ಇರ್ತದ. ರೋಗಿಗಳ ಮ್ಯಾಲೆ ಪರೀಕ್ಷಾ ಮಾಡಿ, ಪರವಾನಗಿ ತಗೊಂಡು ಪ್ಯಾಟಿಗೆ ಬರೂದ್ರಾಗ ಎಷ್ಟೋ ವರ್ಷ ಹೋಗಿರ್ತಾವು."

ಗುರುಗಳು ಇನ್ನೂ ಎರಡು ಸಂಗತಿ ಹೇಳಿದರು. ಅಕ್ಕ ವಹಿಯಲ್ಲಿ ಎರಡನೇ ಅರ್ಜಿಯೊಂದನ್ನೂ ಬರೆದುಕೊಂಡಿದ್ದಳು. ಅದೇ ಔಷಧದ ಬೇರೆ ಹರಳಿನ ರೂಪಕ್ಕೆ ಕೇಳಿದ ಪೇಟೆಂಟ್ ಅದು, ಸಿಕ್ಕಿದ್ದರೆ ಇನ್ನೂ ಕೆಲವು ವರ್ಷ ಬೇರೆಯವರನ್ನು ತಡೆಹಿಡಿಯಬಹುದಿತ್ತು. ನಮ್ಮ ಕಾಯ್ದೆಯಲ್ಲಿ ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟರೆ ಸಾಲದು, ಅದರಿಂದ ರೋಗಕ್ಕೆ ಹೆಚ್ಚಿನ ಗುಣ ಬರುತ್ತದೆಂದು ತೋರಿಸಬೇಕು. ಪೇಟೆಂಟ್ ಕೊಡುವ ಮೊದಲು ತಕರಾರು ಹಾಕುವ ಹಕ್ಕೂ ಇದೆ. ಯಾರೋ ತಕರಾರು ಹಾಕಿದ್ದರು, ಅರ್ಜಿ ಬಿದ್ದುಹೋಗಿತ್ತು. ಇನ್ನೊಂದು, ಕೆಲವು ದೇಶಗಳಲ್ಲಿ ಪೇಟೆಂಟ್ ಬೇರೆ, ಔಷಧಕ್ಕೆ ಪರವಾನಗಿ ಕೊಡುವ ಇಲಾಖೆ ಕೊಡುವ ಮಾರಾಟದ ರಕ್ಷಣೆ ಬೇರೆ. ಪೇಟೆಂಟ್ ಏನೇ ಆಗಲಿ, ಆ ರಕ್ಷಣೆಯ ವರ್ಷಗಳು ಮುಗಿಯುವ ತನಕ ಬೇರೆ ಕಂಪನಿಗೆ ಅಲ್ಲಿ ಬಾಗಿಲಿಲ್ಲ. ನಮ್ಮಲ್ಲಿ ಹಾಗೆ ಬೇರೆ ರಕ್ಷಣೆಯ ಕಾಯ್ದೆ ಇಲ್ಲ. ಅದಕ್ಕೇ ಒಂದೇ ಗುಳಿಗೆ ಒಂದು ದೇಶದಲ್ಲಿ ಬೇಗ ಅಗ್ಗವಾಗುತ್ತದೆ, ಇನ್ನೊಂದರಲ್ಲಿ ತಡವಾಗುತ್ತದೆ.

ಮುಂದಿನ ಸಲ ಬೆಳಗಾವಿ ಬಾಕಿನ ಮೇಲೆ ಅಕ್ಕ ಇದನ್ನೆಲ್ಲ ಹೇಳಿದಳು. ಅವತ್ತು ನಾನೂ ಜೊತೆಗೆ ಹೋಗಿದ್ದೆ. ಸವದತ್ತಿಯ ಅಜ್ಜ ಕೋಲು ನೆಲಕ್ಕೆ ಕುಟ್ಟಿ, "ಇಪ್ಪತ್ತು ವರ್ಷ ಯಾಕ ಕೊಡಬೇಕ್ರಿ ಆ ಕಳ್ಳರಿಗೆ?" ಅಂದರು.

"ಅಜ್ಜಾರ, ಯಾರೋ ಒಬ್ಬರು ತಲಿ ಕೆಡಿಸಿಕೊಂಡು ಇದನ್ನ ಹುಡುಕಿದ್ದಕ್ಕ ನಾವಿಲ್ಲಿ ಕುಂತೇವಿ. ಅವರ ಇಪ್ಪತ್ತು ಅವರಿಗೆ ಕೊಡೂನು," ಅಂದಳು ಅಕ್ಕ. "ಆದ್ರ ಇಪ್ಪತ್ತೊಂದು ಬ್ಯಾಡ."

ಸುತ್ತ ಕೂತವರು ನಕ್ಕರು. ಅಜ್ಜನೂ ಮೀಸೆಯಲ್ಲೇ ನಕ್ಕರು. ನಾನು ಅಕ್ಕನನ್ನು ನೋಡುತ್ತಾ ಕೂತಿದ್ದೆ. ತನ್ನ ಜೀವಕ್ಕೇ ಕುತ್ತಾದ ವಿಷಯದಲ್ಲೂ ಎರಡೂ ಕಡೆಯ ನ್ಯಾಯ ನೋಡುವವಳು ನನ್ನ ಅಕ್ಕ ಎಂದು ಎದೆ ತುಂಬಿತು.

ಮುಂಗಾರು ಬಂತು. ಪೇಟೆಂಟಿನ ಮುದ್ದತ್ತು ಮುಗಿದ ದಿನ ಯಾವ ಪೇಪರಿನಲ್ಲೂ ಸುದ್ದಿ ಇರಲಿಲ್ಲ. ನನ್ನ ಅಂಗಡಿಯಲ್ಲಿ ಎಂದಿನಂತೆ ಕೆಮ್ಮಿನ ಔಷಧ, ಸಕ್ಕರೆ ಕಾಯಿಲೆ ಗುಳಿಗೆ ಮಾರಾಟವಾದವು. ಕೆಲವೇ ವಾರಗಳಲ್ಲಿ ಸ್ಟಾಕಿಸ್ಟರ ಫೋನು ಬಂತು: "ಬಾಯಾರ, ನೀವು ಕೇಳತಿದ್ದ ಮಾಲು ಮೂರು ಕಂಪನಿಯವರದ್ದು ಬಂದೇತಿ." ಬೇರೆ ಕಂಪನಿಯವರು ಮೊದಲೇ ತಯಾರಿ ಮಾಡಿಕೊಂಡಿದ್ದರು. ಮುದ್ದತ್ತಿನ ಒಳಗೆ ಮಾರುವಂತಿಲ್ಲ, ಆದರೆ ಪರವಾನಗಿಗೆ ಬೇಕಾದ ಪರೀಕ್ಷೆ ಮಾಡಿಕೊಳ್ಳಲು ನಮ್ಮ ಕಾಯ್ದೆ ಬಿಡುತ್ತದೆ. ಬೆಲೆ ಕೇಳಿ ನಾನು ಎರಡನೇ ಸಲ ಕೇಳಿದೆ. ಕಿತ್ತೂರಿನವಳು ತನ್ನ ಹೊಲಿಗೆಯ ದುಡಿಮೆಯಲ್ಲೇ ಎರಡು ಹೊತ್ತಿನದನ್ನೂ ಕೊಳ್ಳಬಹುದಿತ್ತು.

ಡಬ್ಬಿಗಳನ್ನು ನಾನೇ ಕೈಯಾರೆ ಕಪಾಟಿನಲ್ಲಿ ಜೋಡಿಸಿದೆ. ಇಷ್ಟು ವರ್ಷದಲ್ಲಿ ನಾನು ಜೋಡಿಸಿದ ಯಾವ ಔಷಧವೂ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ. ಆದರೆ ಆ ಹೆಮ್ಮೆ ಎರಡು ದಿನವೂ ನಿಲ್ಲಲಿಲ್ಲ. ಸುದ್ದಿ ತಿಳಿದು ಸವದತ್ತಿಯಿಂದ ಅಜ್ಜ ಬಸ್ಸು ಹಿಡಿದು ಬಂದರು. ಡಬ್ಬಿ ತಿರುಗಿಸಿ ಮುರುಗಿಸಿ ನೋಡಿದರು. ಬೆಲೆ ನೋಡಿದರು. ಆಮೇಲೆ ಅದನ್ನು ಬೆರಳ ತುದಿಯಲ್ಲಿ ನನ್ನ ಕಡೆಗೆ ದಬ್ಬಿದರು.

"ಇದು ಡುಪ್ಲಿಕೇಟ್ ಅದ."

"ಅಲ್ರಿ ಅಜ್ಜಾರ. ಒಳಗಿನ ಔಷಧ ಅದೇ ಅದ. ರಕ್ತದಾಗ ಅದರಷ್ಟ ಸೇರತದ ಅಂತ ಪರೀಕ್ಷಾ ಮಾಡೇ ಪರವಾನಗಿ ಕೊಟ್ಟಾರ."

"ನಾ ಐವತ್ತು ವರ್ಷ ಹತ್ತಿ ನೋಡೇನಿ. ಇಷ್ಟು ಅಗ್ಗಕ್ಕ ಚಲೋ ಮಾಲು ಯಾರೂ ಕೊಡೂದಿಲ್ಲ." ಅವರು ಕೋಲೂರಿಕೊಂಡು ಹೊರಟುಹೋದರು.

ಕಿತ್ತೂರಿನವಳಿಗೆ ಆರಿಸಿಕೊಳ್ಳಲು ಬೇರೆ ಇರಲಿಲ್ಲ. ಡಾಕ್ಟರಮ್ಮನ ಚೀಟಿ ಹಿಡಿದುಕೊಂಡು ಬಂದು ತೆಗೆದುಕೊಂಡಳು. ಹಣ ಕೊಡುವಾಗ ಅವಳು ಮೆಲ್ಲಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಉಳ್ಳವರಿಗೆ ಖರೇದ್ದು, ನಮಗ ಇದು. ಇರಲಿ ಬಿಡ್ರಿ, ಏನೂ ಇಲ್ಲದ್ದಕ್ಕಿಂತ ಚಲೋ." ನಾನು ಎಷ್ಟು ತಿಳಿಸಿ ಹೇಳಿದರೂ ಅವಳ ಮುಖ ಬದಲಾಗಲಿಲ್ಲ.

ಅಂಗಡಿ ಬಾಗಿಲು ಹಾಕುವ ಮೊದಲು ಅಕ್ಕನಿಗೆ ಫೋನು ಮಾಡಿ ಎರಡನ್ನೂ ಹೇಳಿದೆ. ಅವಳು ಪೂರಾ ಕೇಳಿ, "ನನಗೂ ಅದನ್ನ ಕಳಸು," ಅಂದಳು.

"ನಿನಗ್ಯಾಕ ಅಕ್ಕಾ? ನಿನ್ನ ಯೋಜನೆದ್ದು ಇನ್ನ ಐದ ತಿಂಗಳು ಪುಕ್ಕಟೆ ಬರ್ತದಲ್ಲ."

"ಬರಲಿ. ನನಗ ಇದು ಬೇಕು."

ಇಲ್ಲಿ ನನ್ನ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಹೆದರಿಕೆಯಾಯಿತು. ಓದಿದವಳು ನಾನು, ಮಾರಿದವಳು ನಾನು, ಅಜ್ಜನಿಗೆ ಬುದ್ಧಿ ಹೇಳಿದವಳೂ ನಾನು. ಆದರೆ ಅಕ್ಕನ ಬಾಯಿಗೆ ಅದು ಹೋಗುತ್ತದೆ ಎಂದಾಗ ನನ್ನೊಳಗೂ ಅದೇ ಸಂಶಯ ಎದ್ದಿತು. "ಸರಿಯಾಗಿ ನಡದದ್ದನ್ನ ಯಾಕ ಬಿಡ್ತಿ? ಈಗಿರೂದ ತಗೋ. ಮುಂದ ನೋಡೂನು," ಅಂದೆ.

"ಏನವಾ, ಕೌಂಟರ್ ಮ್ಯಾಲೆ ಒಂದು ಮಾತು, ಮನ್ಯಾಗ ಒಂದು ಮಾತೇನು?" ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಹುಡುಗಿಗೆ ಬೋರ್ಡಿನ ಹತ್ತಿರ ಬಾ ಎಂದು ಕರೆಯುವಾಗಿನ ದನಿ. "ನೀ ನಂಬಿದ್ರ ಮಾರು. ನಂಬದಿದ್ರ ಕಿತ್ತೂರಾಕಿಗೂ ಕೊಡಬ್ಯಾಡ."

ಮರುದಿನ ನಾನೇ ಬಸ್ಸಿನಲ್ಲಿ ಸಾಲಹಳ್ಳಿಗೆ ಹೋಗಿ ಡಬ್ಬಿ ಕೊಟ್ಟು ಬಂದೆ. ಡಾಕ್ಟರಮ್ಮನನ್ನು ಅವಳು ಮೊದಲೇ ಕೇಳಿಕೊಂಡಿದ್ದಳು. "ಬದಲು ಮಾಡ್ರಿ, ಅಡ್ಡಿ ಇಲ್ಲ. ಮೂರು ತಿಂಗಳಿಗೆ ರಕ್ತ ನೋಡೂನು," ಅಂದಿದ್ದರಂತೆ. ಅಲ್ಲಿಂದಲೇ ಅಕ್ಕ ಕಿತ್ತೂರಿಗೆ ಫೋನು ಹಚ್ಚಿದಳು. "ನೋಡವಾ, ನನ್ನ ಕೈಯಾಗೂ ನಿನ್ನಂಥದ್ದ ಡಬ್ಬಿ ಅದ. ಸಂಜೀಕ ಆರಕ್ಕ ನಾನೂ ನುಂಗ್ತೇನಿ, ನೀನೂ ನುಂಗು. ಒಂದು ದಿನಾನೂ ತಪ್ಪಸಬ್ಯಾಡ." ಆ ಮೂರು ತಿಂಗಳು ದಿನಾ ಸಂಜೆ ಆರಕ್ಕೆ ಸಾಲಹಳ್ಳಿಯಿಂದ ಕಿತ್ತೂರಿಗೆ ಫೋನು ಹೋಗುತ್ತಿತ್ತು. ಅಲ್ಲಿ ಹೊಲಿಗೆ ಮಷಿನಿನ ಸದ್ದು ನಿಲ್ಲುತ್ತಿತ್ತು ಎಂದು ಅಕ್ಕ ಹೇಳುತ್ತಿದ್ದಳು.

ವರದಿ ಬರುವ ದಿನ ನಾನು ಅಂಗಡಿ ಮುಚ್ಚಿ ಬೆಳಗಾವಿಗೆ ಹೋದೆ. ಅಜ್ಜನೂ ಅದೇ ಬಾಕಿನ ಮೇಲೆ ಇದ್ದರು, ನನ್ನ ಮುಖ ನೋಡಲಿಲ್ಲ. ಡಾಕ್ಟರಮ್ಮ ಮೊದಲು ಅಕ್ಕನ ಕಾಗದ ತೆಗೆದರು. ಅಂಕಿ ಮೊದಲಿದ್ದಲ್ಲೇ ಇತ್ತು, ಒಂದಿಷ್ಟೂ ಏರಿರಲಿಲ್ಲ. ನನ್ನ ಬೆನ್ನಿನಿಂದ ಏನೋ ಇಳಿದ ಹಾಗಾಯಿತು. ಆಮೇಲೆ ಕಿತ್ತೂರಿನವಳದ್ದು ತೆಗೆದರು. ಒಂದು ಸಲ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು.

"ಇಳದದವಾ. ನೀ ಇಲ್ಲಿ ಬರಾಕ ಹತ್ತಿದ ಮ್ಯಾಲೆ ಮೊದಲನೇ ಸಲ ಇಷ್ಟು ಇಳದದ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು, "ನಿನಗ ಸಿಕ್ಕದ್ದೂ ಖರೇದ್ದ ಇತ್ತು ನೋಡು," ಅಂದಳು. ಅವಳು ಅಕ್ಕನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ನಾನು ಎದ್ದು ಹೊರಗೆ ವರಾಂಡಕ್ಕೆ ಹೋಗಿ ನಿಂತೆ.

ಮುಂದಿನ ವಾರ ಅಜ್ಜ ನನ್ನ ಅಂಗಡಿಗೆ ಬಂದರು. ತಪ್ಪಾಯಿತು ಎಂದು ಹೇಳುವ ಮನುಷ್ಯರಲ್ಲ. ಸ್ಟೂಲಿನ ಮೇಲೆ ಕೂತು, ನೀರು ಕೇಳಿ ಕುಡಿದು, ಬಜಾರದಲ್ಲಿ ಹತ್ತಿ ದರ ಹೇಗಿದೆ ಎಂದು ಕೇಳಿದರು. ಆಮೇಲೆ ಕೋಲಿನಿಂದ ಕಪಾಟು ತೋರಿಸಿ, "ಆ ಸಾಲಿ ಅಕ್ಕಾರು ತಗೋತಾರಲ್ಲ, ಅದನ್ನ ಕೊಡ್ರಿ," ಅಂದರು.

ಆ ವರ್ಷ ನಮ್ಮ ಭಾಗದ ಔಷಧ ಅಂಗಡಿಯವರ ಸಭೆಯಲ್ಲಿ ನಾನು ಎದ್ದು ನಿಂತು ಈ ವಿಷಯ ಹೇಳಿದೆ. ಸಭೆಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು. ಅರ್ಜಿಯ ದಿನದಿಂದ ಎಣಿಸುವುದು, ಎರಡನೇ ಅರ್ಜಿಯ ಸಂಗತಿ, ಗಿರಾಕಿ ಡುಪ್ಲಿಕೇಟ್ ಎಂದರೆ ಏನು ಹೇಳಬೇಕು ಎಂಬುದು. ಹಿರಿಯ ವ್ಯಾಪಾರಸ್ಥರೊಬ್ಬರು ಯಾವ ಕಾಲೇಜಿನಲ್ಲಿ ಇದನ್ನು ಕಲಿತಿರಿ ಎಂದು ಕೇಳಿದರು. "ನಮ್ಮ ಅಕ್ಕನ ಕಡೆ ಕಲ್ತೇನ್ರಿ," ಅಂದೆ.

ಈಗಲೂ ಅಕ್ಕ ಬೆಳಗಾವಿಗೆ ಹೋದ ದಿನ ಅವಳ ಸುತ್ತ ಒಂದು ಗುಂಪು ಇರುತ್ತದೆ. ಎಲ್ಲರಿಗೂ ಖುಷಿಯ ಸುದ್ದಿ ಕೊಡಲು ಅವಳಿಂದ ಆಗುವುದಿಲ್ಲ. ಹೋದ ತಿಂಗಳು ಸಂಪಗಾಂವಿನಿಂದ ಒಬ್ಬ ಹೆಣ್ಣುಮಗಳು ಎದೆಯ ಕ್ಯಾನ್ಸರಿನ ಹೊಸ ಔಷಧದ ಚೀಟಿ ತಂದು ತೋರಿಸಿದಳು. ಅಕ್ಕ ಫೋನಿನಲ್ಲಿ ಹುಡುಕಿದಳು, ವಹಿಯಲ್ಲಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಆಮೇಲೆ ವಹಿ ಮುಚ್ಚಿ ಅವಳ ಪಕ್ಕಕ್ಕೆ ಸರಿದು ಕೂತಳು.

"ಸುಳ್ಳ ಹೇಳೂದಿಲ್ಲವಾ. ಇದರ ಮುದ್ದತ್ತು ಇನ್ನ ಭಾಳ ವರ್ಷ ಅದ," ಅಂದಳು. "ಅಲ್ಲೀತನ ಸುಮ್ನ ಕೂಡೂದು ಬ್ಯಾಡ. ರೇಶನ್ ಕಾರ್ಡ ತಂದೀಯೇನು? ಕೊಡಿಲ್ಲೆ, ಔಷಧಕ್ಕ ಸಹಾಯದ ಯೋಜನೆ ಫಾರ್ಮ್ ತುಂಬೂನು."